ಮೂರು ಕುರಿ ಬ್ಯಾರೆ ಮಾಡು

ನಿವೃತ್ತಿಯಾದ ಮೇಲೆ ಒಂದು ಸಲ ನಮ್ಮ ಪಶು ಖಾತೆಯವರು ಹೊಸದಾಗಿ ನೌಕರಿಗೆ ಸೇರಿದ ಹುಡುಗರ ಮುಂದೆ ಮಾತಾಡಲು ನನ್ನನ್ನು ಕರೆದಿದ್ದರು. ಪರಿಚಯ ಮಾಡಿಕೊಟ್ಟ ಅಧಿಕಾರಿ ಒಳ್ಳೆಯ ಮನುಷ್ಯ. "ಇವರು ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವರು. ಕಾಲು ಊನವಿದ್ದರೂ ಸ್ವಂತ ಪ್ರಯತ್ನದಿಂದ ಮೇಲೆ ಬಂದವರು. ಮನಸ್ಸು ಮಾಡಿದರೆ ಯಾರು ಬೇಕಾದರೂ ಹೀಗೆ ಆಗಬಹುದು" ಎಂದು ಹೇಳಿ ಹಾರ ಹಾಕಿದರು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ದನಕರುಗಳ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ, ಚಹಾ ಕುಡಿದು ಬಸ್ಸು ಹತ್ತಿದೆ. ಹೇಳಬೇಕಾದದ್ದನ್ನು ಹೇಳುವ ತ್ರಾಣ ಆ ದಿನ ಇರಲಿಲ್ಲ. ಈಗಲೂ ಬಹಳವೇನಿಲ್ಲ. ಆದರೆ ಬರೆಯುವುದಕ್ಕೆ ನಿಂತುಕೊಳ್ಳಬೇಕಾಗಿಲ್ಲ, ಕೂತೇ ಬರೆಯಬಹುದು.

ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಅವು ಬರುವ ಹೊತ್ತಿಗೆ ಬಂದವು. ಹಗಲೆಲ್ಲ ದುಡಿದವನಿಗೂ ಬಂದವು, ಮೇಜಿನ ಮೇಲೆ ತಲೆಯಿಟ್ಟು ಮಲಗಿದವನಿಗೂ ಬಂದವು.

ನಮ್ಮದು ಬೀರೇಶ್ವರನಿಗೆ ನಡೆದುಕೊಳ್ಳುವ ಮನೆತನ. ಮುಧೋಳದಿಂದ ಬೀಳಗಿಯವರೆಗೆ, ಅಲ್ಲಿಂದ ಕೃಷ್ಣೆಯ ದಂಡೆಗೆ, ಹೊಲಗಳಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತ ವರ್ಷದ ಎಂಟು ತಿಂಗಳು ಹಿಂಡಿನ ಹಿಂದೆ ನಡೆಯುವವರು. ನನಗೆ ಐದು ವರ್ಷವಾದಾಗ ಒಂದು ಜ್ವರ ಬಂತು. ಜ್ವರ ಹೋಯಿತು, ಎಡಗಾಲು ಸೊರಗಿತು. ಅಪ್ಪ ಒಂದು ದಿನ ನನ್ನ ಕಾಲನ್ನು ಎತ್ತಿ ನೋಡಿ, ಕೆಳಗಿಟ್ಟು, "ಇಂವ ಹಿಂಡಿನ ಹಿಂದ ನಡಿಯಾಂವಲ್ಲ" ಎಂದ. ಅಷ್ಟೇ. ಜಮಖಂಡಿಯಲ್ಲಿದ್ದ ಚಿಗವ್ವನ, ಅಂದರೆ ಅವ್ವನ ತಂಗಿಯ, ಮನೆಯಲ್ಲಿ ನನ್ನನ್ನು ಬಿಟ್ಟು ಸಾಲೆಗೆ ಹಾಕುವುದೆಂದು ಗೊತ್ತಾಯಿತು. ಅಲ್ಲಿಯವರೆಗೆ ನನ್ನನ್ನು ಬೆನ್ನ ಮೇಲೆ ಹೊತ್ತು ತಂದವಳು ನನ್ನ ಅಕ್ಕ ಕೆಂಚವ್ವ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಚಿಗವ್ವನ ಹೊಸ್ತಿಲಲ್ಲಿ ನನ್ನನ್ನು ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು, ಕತ್ತಲಾಗುವುದರೊಳಗೆ ಹಿಂಡು ಮುಟ್ಟಬೇಕೆಂದು ನೀರು ಕುಡಿದು ಹೊರಟಳು.

ಚಿಗವ್ವ ತಾತ್ಯಾ ಎಂಬ ಹಿರಿಯರ ವಾಡೆಯಲ್ಲಿ ದನದ ಕೊಟ್ಟಿಗೆ ಬಳಿಯುತ್ತಿದ್ದಳು. ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿ ಮುಗಿಸಿದ ಆ ಬ್ರಾಹ್ಮಣರ ಮನೆಯಲ್ಲಿ ಮರಾಠಿ, ಕನ್ನಡ ಎರಡೂ ನಡೆಯುತ್ತಿದ್ದವು. ತಾತ್ಯಾರ ಕಣ್ಣಿಗೆ ಪೊರೆ ಬಂದಿತ್ತು. ಪುಣೆಯಿಂದ ಅಂಚೆಯಲ್ಲಿ ಬರುವ ಮರಾಠಿ ಪತ್ರಿಕೆಯನ್ನು ಓದಿ ಹೇಳಲು ಅವರಿಗೆ ಯಾರಾದರೂ ಬೇಕಿತ್ತು. ಮೊಮ್ಮಕ್ಕಳು ಕೂರುತ್ತಿರಲಿಲ್ಲ. ಓಡಿಹೋಗಲು ಬಾರದವನು ನಾನೊಬ್ಬನೇ. ಹಾಗೆ ಪಡಸಾಲೆಯ ಕೆಳಗಿನ ಮೆಟ್ಟಿಲಲ್ಲಿ ಕೂತು, ಸಾಲೆಯಲ್ಲಿ ಕಲಿತ ಅಕ್ಷರದಿಂದ ತಡವರಿಸುತ್ತ ಓದತೊಡಗಿದೆ. ತಪ್ಪಿದಾಗೆಲ್ಲ ಅವರು ಬೆತ್ತದಿಂದ ನೆಲ ಕುಟ್ಟುತ್ತಿದ್ದರು. ನಾಲ್ಕು ವರ್ಷ ಕುಟ್ಟಿದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ನಾನು ಪಾಸಾದಾಗ ಚಿಗವ್ವ ಊರ ತುಂಬ ಸಕ್ಕರೆ ಹಂಚಿದಳು.

ಕಷ್ಟಪಟ್ಟು ಓದಿದ್ದು ಸುಳ್ಳಲ್ಲ. ಆದರೆ ಅದೇ ವರ್ಷಗಳಲ್ಲಿ ಕೆಂಚವ್ವ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುತ್ತಿದ್ದಳು. ಕಗ್ಗತ್ತಲಲ್ಲಿ ಒದರುವ ಮರಿ ಯಾವ ತಾಯಿಯದೆಂದು ಹೇಳುತ್ತಿದ್ದಳು. ಅದನ್ನು ಯಾರೂ ಪ್ರಯತ್ನ ಎನ್ನಲಿಲ್ಲ. ಕುರುಬರ ಹುಡುಗಿ ಮತ್ತೇನು ಮಾಡಬೇಕು ಎಂದರು. ನಾನೂ ಹಾಗೆಯೇ ತಿಳಿದಿದ್ದೆ.

ಸಂಸ್ಥಾನಗಳು ವಿಲೀನವಾಗಿ ನಮ್ಮ ಕಡೆ ಮುಂಬಯಿ ಸರಕಾರ ಬಂದಾಗ ಜಮಖಂಡಿಯ ದನದ ದವಾಖಾನೆಗೆ ಹೊಸ ಬೋರ್ಡು ಬಿತ್ತು. ಪುಣೆಯ ಕಡೆಯಿಂದ ಸಾಠೆ ಎಂಬ ಡಾಕ್ಟರು ಬಂದರು. ಅವರ ಕನ್ನಡ ಆಗ ಅಷ್ಟಕ್ಕಷ್ಟೆ. ರೈತರೊಂದಿಗೆ ಕನ್ನಡ ಆಡಿ, ಮರಾಠಿಯಲ್ಲಿ ರಜಿಸ್ಟರು ಬರೆದು, ಗೊರಸು ಹಿಡಿಯಲು ಹೇಸದ ಒಬ್ಬ ಮನುಷ್ಯ ಅವರಿಗೆ ಬೇಕಿದ್ದ. ಮೂವರು ಹೋಗಿದ್ದೆವು. ಒಬ್ಬ ಮರಾಠಿ ಚೆನ್ನಾಗಿ ಬಲ್ಲವನು, ಎಮ್ಮೆ ಬಾಲ ಬೀಸಿದ ಕೂಡಲೆ ಹಿಂದೆ ಸರಿದ. ಇನ್ನೊಬ್ಬ ಬೀಳಗಿಯವನು, ಹೋರಿಯ ಮೂಗುದಾಣ ಹಿಡಿದು ಒಂದೇ ಕೈಯಲ್ಲಿ ನಿಲ್ಲಿಸಿದ. ಡಾಕ್ಟರಿಗೆ ಖುಷಿಯಾಯಿತು. ಆಮೇಲೆ ಒಂದು ಕಾಗದ ಕೊಟ್ಟು ಮರಾಠಿಯಲ್ಲಿ ನಾಲ್ಕು ಸಾಲು ಬರೆ ಎಂದರು. ಅವನಿಗೆ ಬರಲಿಲ್ಲ. ಜಾಗ ನನಗೆ ಸಿಕ್ಕಿತು. ಅವನು ಹೊರಗೆ ಬಂದು ನನ್ನ ಕಾಲನ್ನೊಮ್ಮೆ ನೋಡಿ, ತಲೆಗೆ ರುಮಾಲು ಸುತ್ತಿಕೊಂಡು ಹೋದ. ಅವನ ಹೆಸರು ಕೂಡ ನಾನು ಕೇಳಿರಲಿಲ್ಲ. ಅವನ ಊರಿನಲ್ಲಿ ಪೊರೆ ಬಂದ ತಾತ್ಯಾ ಒಬ್ಬರಿರಲಿಲ್ಲ, ಅಷ್ಟೇ.

ಮೊದಲ ವರ್ಷ ನಾನು ಮಾಡಿದ ತಪ್ಪುಗಳಲ್ಲಿ ಒಂದನ್ನು ಹೇಳಬೇಕು. ಎತ್ತಿನ ಹೆಗಲು ಬಾತಿತ್ತೆಂದು ತೇರದಾಳದ ಕಡೆಯ ರೈತನೊಬ್ಬ ಬಂದ. ಡಾಕ್ಟರು ತಿಕ್ಕುವ ಎಣ್ಣೆ ಹೇಳಿದರು. ನಾನು ಸೀಸೆ ತುಂಬಿ, ಚೀಟಿ ಅಂಟಿಸಿ, ನನ್ನ ಚಂದದ ಅಕ್ಷರದಲ್ಲಿ "ಮೇಲೆ ಹಚ್ಚಲು ಮಾತ್ರ" ಎಂದು ಬರೆದು ಕೊಟ್ಟೆ. ಆ ಅಕ್ಷರದ ಮೇಲೆ ನನಗೆ ಬಹಳ ಅಭಿಮಾನ. ಎರಡು ದಿನಕ್ಕೆ ರೈತ ತಿರುಗಿ ಬಂದ. ಎತ್ತಿಗೆ ಬಿದಿರಿನ ಗೊಟ್ಟದಿಂದ ಅದನ್ನು ಕುಡಿಸಿದ್ದ. ಬಾಯೆಲ್ಲ ಸುಟ್ಟು, ಎತ್ತು ಮೇವು ಮುಟ್ಟುತ್ತಿರಲಿಲ್ಲ.

"ಚೀಟಿಮ್ಯಾಲ ಬರದಿದ್ದೆನಲ್ಲೋ!" ಎಂದು ನಾನು ಕೂಗಾಡಿದೆ.

ಡಾಕ್ಟರು ನನ್ನನ್ನು ಒಳಗೆ ಕರೆದರು. "ಅಂವಗ ಓದಾಕ ಬರತದೇನು ಅಂತ ಕೇಳಿದಿಯೇನು?"

"ಇಲ್ಲರಿ."

"ನಿನ್ನ ಅಕ್ಕಗ ಬರತದೇನು? ಅಪ್ಪಗ?"

ಎತ್ತು ಉಳಿಯಿತು. ಅಂದಿನಿಂದ ತಿಕ್ಕುವ ಔಷಧಿಯ ಸೀಸೆಯ ಕೊರಳಿಗೆ ಕೆಂಪು ದಾರ ಕಟ್ಟಿ, ಕೈಯಿಂದ ತಿಕ್ಕಿ ತೋರಿಸಿ ಕಳಿಸುವುದನ್ನು ರೂಢಿ ಮಾಡಿಕೊಂಡೆ. ಹೊಸ ಹುಡುಗರೇ, ಇದು ಪುಸ್ತಕದಲ್ಲಿಲ್ಲ, ಆದರೂ ಮಾಡಿರಿ.

ಸಾಠೆ ಡಾಕ್ಟರು ಕೋಪಿಷ್ಠರು, ಆದರೆ ಲಂಚ ಮುಟ್ಟಿದವರಲ್ಲ. ಪ್ರಯತ್ನದಲ್ಲಿ ಅವರಿಗೆ ದೇವರಷ್ಟು ನಂಬಿಕೆ. ಒಂದು ದಿನ ಮುಧೋಳದಿಂದ ದೊಡ್ಡ ಮನೆತನದವರೊಬ್ಬರ ಬೇಟೆನಾಯಿ ಮೋಟಾರಿನಲ್ಲಿ ಬಂತು. ಕಾಲಿಗೆ ಮುಳ್ಳು ನಟ್ಟಿತ್ತು. ಅಂಗಳದಲ್ಲಿ ಮುಂಜಾನೆಯಿಂದ ಕಾಯುತ್ತಿದ್ದ ಹದಿನೈದು ಮಂದಿ ತಾವಾಗಿಯೇ ಎದ್ದು ದಾರಿ ಬಿಟ್ಟರು. ಡಾಕ್ಟರು ನಾಯಿಯನ್ನು ಮೊದಲು ನೋಡಿದರು. ಮೋಟಾರು ಹೋದ ಮೇಲೆ ಕೈ ತೊಳೆಯುತ್ತ, "ನಾನು ಯಾರನ್ನೂ ಎಬ್ಬಿಸಲಿಲ್ಲ, ಅವರೇ ಎದ್ದರು" ಎಂದು ನನಗೆ ಎರಡು ಸಲ ಹೇಳಿದರು. ನಾನೇನೂ ಕೇಳಿರಲಿಲ್ಲ.

ಕುರಿಗಳ ಬೇನೆಯಲ್ಲಿ ನನಗೆ ಒಳ್ಳೆಯ ಕೈ ಇದೆಯೆಂದು ಅವರು ಎಲ್ಲರ ಮುಂದೆ ಹೊಗಳುತ್ತಿದ್ದರು. ಆ ಕೈ ನನ್ನದಲ್ಲ. ಹಿಂಡು ಜಮಖಂಡಿಯ ಹತ್ತಿರ ಬಂದಾಗಲೆಲ್ಲ ನಾನು ಬಾಡಿಗೆ ಸೈಕಲ್ಲಿನಲ್ಲಿ, ಒಂದೇ ಕಾಲಿನ ಬಲದಿಂದ ತುಳಿಯುತ್ತ ಕೆಂಚವ್ವನಲ್ಲಿಗೆ ಹೋಗುತ್ತಿದ್ದೆ. ಅವಳಿಗೆ ಆಗ ಲಗಮಪ್ಪನೊಂದಿಗೆ ಮದುವೆಯಾಗಿತ್ತು. ಲಗಮಪ್ಪ ಮಾತು ಕಡಿಮೆ, ದುಡಿತ ಜಾಸ್ತಿ. ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ಯಾವ ಗಿಡದ ತಪ್ಪಲು ತಿಂದರೆ ಹೊಟ್ಟೆ ಉಬ್ಬುತ್ತದೆ, ಯಾವ ತಿಂಗಳಲ್ಲಿ ಯಾವ ಮಡುವಿನ ನೀರಿಗೆ ಕುರಿ ಬಿಡಬಾರದು, ಸಿಡುಬು ಹೊರಗೆ ಕಾಣುವುದಕ್ಕೆ ಎರಡು ದಿನ ಮೊದಲು ಕುರಿಯ ಉಸಿರು ಹೇಗೆ ನಾರುತ್ತದೆ. ನಾನು ಅದನ್ನೆಲ್ಲ ವಹಿಯಲ್ಲಿ ಬರೆದುಕೊಂಡೆ. ಅದೇ ಒಂದು ವರದಿಯಾಯಿತು.

ಡಾಕ್ಟರು ಅದನ್ನು ಓದಿ ಕನ್ನಡಕ ತೆಗೆದರು. "ಇದನ್ನ ಎಲ್ಲಿ ಓದಿದಿ?"

"ಓದಿಲ್ಲರಿ. ಅಕ್ಕ ಹೇಳ್ಯಾಳ್ರಿ."

ಅವರು ನಂಬಲಿಲ್ಲ. ಮುಂದಿನ ವಾರ ನನ್ನ ಜೊತೆ ಹಿಂಡಿಗೆ ಬಂದು ಕೆಂಚವ್ವನನ್ನು ಒಂದು ತಾಸು ಪ್ರಶ್ನೆ ಕೇಳಿದರು. ಅವಳು ಮರಿಗೆ ಹಾಲು ಹಿಡಿಸುತ್ತಲೇ ಉತ್ತರ ಹೇಳಿದಳು. ಕೊನೆಗೆ ಅವರು ನಗುತ್ತ, "ಬಾಯಿ, ನೀ ಗಂಡಸಾಗಿದ್ದರ ಇವತ್ತ ನನ್ನ ಜಾಗಾದಾಗ ಇರತಿದ್ದಿ" ಎಂದರು.

ಕೆಂಚವ್ವ ನಗಲಿಲ್ಲ. "ಗಂಡಸಾಗಿದ್ದರ ನಾನೂ ಕುರಿ ಕಾಯಾಂವನ ಆಗಿರತಿದ್ದೆ ಸಾಹೇಬ್ರ. ನಮ್ಮಪ್ಪ ಸಾಲಿಗಿ ಹಾಕಿದ್ದು ನಡಿಯಾಕ ಬರದಾಂವನ್ನ."

ದಾರಿಯಲ್ಲಿ ಬರುವಾಗ, ವರದಿಯಲ್ಲಿ ಅಕ್ಕನ ಹೆಸರು ಹಾಕಲೇ ಎಂದು ಡಾಕ್ಟರನ್ನು ಕೇಳಿದೆ. "ಕುರಿ ಕಾಯೋ ಹೆಣ್ಣುಮಗಳು ಹೇಳಿದಳು ಅಂತ ಬರದರ ಮ್ಯಾಲಿನವರು ಓದಾಂಗಿಲ್ಲ ಸಿದ್ರಾಮ. ಓದಬೇಕಂದರ ನಿನ್ನ ಸಹಿ ಇರಲಿ" ಎಂದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ. ನಾನು ಸಹಿ ಮಾಡಿದೆ. ಆ ವರದಿ ವಿಜಾಪುರಕ್ಕೆ ಹೋಯಿತು, ಅಲ್ಲಿಂದ ಪುಣೆಗೆ ಹೋಯಿತು. ಆರು ತಿಂಗಳಿಗೆ ನನ್ನನ್ನು ಡಾಕ್ಟರ ಕೈಕೆಳಗೆ ಸೂಜಿ, ಔಷಧಿ ಮಾಡುವ ಸ್ಟಾಕ್‌ಮನ್ ತರಬೇತಿಗೆ ಆರಿಸಿದ ಹುಕುಂ ಬಂತು. ತರಬೇತಿ ನಡೆದದ್ದು ಮರಾಠಿಯಲ್ಲಿ.

ಹತ್ತು ತಿಂಗಳು ಕಲಿತು ಬಂದೆ. ಖಾಕಿ ಅಂಗಿ, ಚರ್ಮದ ಚೀಲ, ಅದರಲ್ಲಿ ಉಷ್ಣಮಾಪಕ, ಸ್ಪಿರಿಟ್ಟಿನ ಸೀಸೆ, ಗಾಜಿನ ಪಿಚಕಾರಿ ಒಂದು, ಸೂಜಿ ಎರಡು. ಆಗಿನ ಕಾಲಕ್ಕೆ ಇಡೀ ತಾಲೂಕಿಗೆ ಕೊಟ್ಟಿದ್ದು ಅಷ್ಟೇ. ಒಂದು ಹಿಂಡು ಮುಗಿದ ಮೇಲೆ ಸೂಜಿ ಕುದಿಸಬೇಕು, ಕುರಿಯಿಂದ ಕುರಿಗೆ ಸ್ಪಿರಿಟ್ಟಿನ ಅರಳೆಯಿಂದ ಒರೆಸಿದರೆ ಸಾಕು ಎಂದು ಹೇಳಿಕೊಟ್ಟಿದ್ದರು.

ಆ ವರ್ಷ ಬೀಳಗಿಯ ಕಡೆ ಕುರಿಗಳಿಗೆ ಸಿಡುಬು ಎದ್ದಿತು. ರೋಗ ಇನ್ನೂ ತಾಗದ ಹಿಂಡುಗಳಿಗೆ ಅದನ್ನು ತಡೆಯುವ ಸೂಜಿ ಮಾಡಲು ನನ್ನನ್ನು ಕಳಿಸಿದರು. ಔಷಧಿ ವಿಜಾಪುರದಿಂದ ಬಸ್ಸಿನಲ್ಲಿ ಬರುತ್ತಿತ್ತು. ಹಸಿ ಗೋಣಿಚೀಲ ಸುತ್ತಿ, ನೀರು ಚಿಮುಕಿಸುತ್ತ, ಅದು ಕೆಡುವುದರೊಳಗೆ ಮುಗಿಸಬೇಕು. ದಿನಕ್ಕೆ ಎಷ್ಟು ಕುರಿಗೆ ಸೂಜಿಯಾಯಿತೆಂದು ಸಂಜೆ ಬರೆದು ಕಳಿಸಬೇಕು. ಮೂರನೆಯ ದಿನ ಕೆಂಚವ್ವನ ಹಿಂಡು ಸಿಕ್ಕಿತು. ಎರೆಹೊಲದ ಬದಿಯಲ್ಲಿ ನಿಂತಿತ್ತು. ನೂರಾ ಇಪ್ಪತ್ತು ಕುರಿ. ಹತ್ತಿರದ ಎರಡು ಹಿಂಡಿನ ಕುರುಬರೂ ತಮ್ಮ ಪಾಳಿಗಾಗಿ ಬಂದು ಕೂತಿದ್ದರು.

"ಬಾ ತಮ್ಮಾ. ಡಾಕ್ಟರ ಆಗಿ ಬಂದಿ" ಎಂದು ಅಕ್ಕ ನಕ್ಕಳು.

"ಡಾಕ್ಟರ ಅಲ್ಲ ಯಕ್ಕಾ, ಸ್ಟಾಕ್‌ಮನ್."

"ಏನರ ಆಗಲಿ, ಛಲೋ ಆತು. ಮೊದಲ ಒಂದ ಮಾತ ಕೇಳು. ಅಕಾ ಅಲ್ಲಿ ಹಿಂದ ನಿಂತಾವಲ್ಲ, ಆ ಮೂರು ಕುರಿ ಬ್ಯಾರೆ ಮಾಡು. ಮುಂಜಾನಿಂದ ಎಲ್ಲಾವುಗಳ ಕೂಡ ಮೇಯಾಕತ್ತಿಲ್ಲ."

ನಾನು ಹೋಗಿ ನೋಡಿದೆ. ಕಣ್ಣು ತಿಳಿಯಾಗಿದ್ದವು. ಮೂಗು, ತುಟಿ, ಬಾಲದ ಕೆಳಗೆ ಎಲ್ಲಿಯೂ ಗುಳ್ಳೆ ಇರಲಿಲ್ಲ. ಉಷ್ಣಮಾಪಕ ಇಟ್ಟೆ. ಸ್ವಲ್ಪ ಜಾಸ್ತಿ ಇತ್ತು, ಬಿಸಿಲಿನಲ್ಲಿ ನಡೆದ ಕುರಿಗೆ ಇರುವಷ್ಟು.

"ಏನೂ ಆಗಿಲ್ಲ ಯಕ್ಕಾ. ಬಿಸಲಾಗ ನಡದಾವು."

"ನಿನ್ನ ಕಣ್ಣಿಗಿ ಕಾಣಾಂಗಿಲ್ಲೋ. ಉಸರ ಬ್ಯಾರೆ ನಾರತೈತಿ. ಅವಕ್ಕ ಚುಚ್ಚಿದ ಸೂಜಿ ಉಳದಾವಕ್ಕ ಚುಚ್ಚಬ್ಯಾಡ. ಇಲ್ಲಾ, ಇವತ್ತ ನಮ್ಮ ಹಿಂಡ ಬಿಡು, ಎಂಟ ದಿನಾ ಬಿಟ್ಟು ಬಾ."

ಸತ್ಯ ಹೇಳುತ್ತೇನೆ. ಅವಳ ಮಾತು ನನಗೆ ತಿಳಿಯಲಿಲ್ಲವೆಂದಲ್ಲ. ಉಸಿರಿನ ವಾಸನೆಯ ಸಂಗತಿಯನ್ನು ನಾನೇ ಬರೆದು, ಸಹಿ ಮಾಡಿ, ಅದರಿಂದಲೇ ತರಬೇತಿಗೆ ಹೋಗಿದ್ದೆ. ಆದರೆ ಗೋಣಿಚೀಲ ಒಣಗುತ್ತಿತ್ತು. ಸಂಜೆಗೆ ಲೆಕ್ಕ ಬರೆಯಬೇಕಿತ್ತು. ಆ ಕುರುಬರು ಕೂತು ನೋಡುತ್ತಿದ್ದರು, ಖಾಕಿ ಹಾಕಿಕೊಂಡವನಿಗೆ ಅಕ್ಕ ಕಲಿಸುತ್ತಿದ್ದಾಳೆಂದು.

"ಇದನ್ನ ನಾ ಕಲತ ಬಂದೀನಿ. ನೀ ಸುಮ್ಮನಿರು" ಎಂದೆ.

ಕೆಂಚವ್ವ ಹಿಂದೆ ಸರಿದಳು. ಲಗಮಪ್ಪ ಒಂದೊಂದೇ ಕುರಿಯನ್ನು ಹಿಡಿದು ಕೊಟ್ಟ. ನಾನು ಚುಚ್ಚಿದೆ, ಅರಳೆಯಿಂದ ಒರೆಸಿದೆ, ಚುಚ್ಚಿದೆ. ಆ ಮೂರು ಕುರಿಗಳು ನಡುವೆ ಎಲ್ಲೋ ಬಂದವು. ಯಾವಾಗ ಬಂದವೆಂದು ನಾನು ನೋಡಲೂ ಇಲ್ಲ.

ಎರಡು ದಿನಕ್ಕೆ ಆ ಮೂರಕ್ಕೆ ಗುಳ್ಳೆ ಎದ್ದವು. ವಾರ ಒಪ್ಪತ್ತಿನಲ್ಲಿ ಹಿಂಡಿಗೆ ಹಿಂಡೇ ಮಲಗಿತು. ಲಗಮಪ್ಪ ನಡೆದುಕೊಂಡು ಜಮಖಂಡಿಗೆ ಬಂದು ದವಾಖಾನೆಯ ಕಟ್ಟೆಯ ಮೇಲೆ ಕೂತು, "ಬಾ" ಎಂದಷ್ಟೇ ಹೇಳಿದ. ನಾನು, ಡಾಕ್ಟರು ಇಬ್ಬರೂ ಹೋದೆವು. ಕುರಿಗಳ ತುಟಿ, ಕೆಚ್ಚಲು ಎಲ್ಲ ಒಡೆದು ಹೋಗಿದ್ದವು. ಮರಿಗಳು ಸತ್ತ ತಾಯಿಯ ಮೊಲೆ ಹುಡುಕುತ್ತಿದ್ದವು. ಕೆಂಚವ್ವ ಗುಂಡಿ ತೋಡುತ್ತಿದ್ದಳು. ನನ್ನನ್ನು ನೋಡಿ ತೋಡುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಉಳಿದದ್ದು ಹದಿನೇಳು.

ನಾನು ಡಾಕ್ಟರಿಗೆ ಎಲ್ಲ ಹೇಳಿದೆ. ಅವರು, "ಸೂಜಿಯಿಂದ ಹರಡಿತು ಅಂತ ಹೆಂಗ ಹೇಳತಿ? ಮೊದಲ ಹಿಂಡಿನಾಗ ಹೊಕ್ಕಿತ್ತು. ಹೆಂಗೂ ಹರಡತಿತ್ತು" ಎಂದರು. ಅದೂ ನಿಜವಿರಬಹುದು. ನನಗೆ ಇಂದಿಗೂ ಗೊತ್ತಿಲ್ಲ. "ಸೂಜಿ ಮಾಡೂಕಿಂತ ಮೊದಲ ರೋಗ ಇತ್ತು, ಮಾಲಕ ವ್ಯಾಳ್ಯಾಕ್ಕ ತಿಳಿಸಲಿಲ್ಲ. ಹಂಗ ಬರಿ. ಇಲ್ಲಂದರ ನಿನ್ನ ಕೆಲಸ ಹೋಗತದ. ನಿನ್ನಂಥಾ ಒಬ್ಬನ್ನ ಮ್ಯಾಲ ತರಾಕ ನಾ ಎಷ್ಟ ಬಡದಾಡೀನಿ ನಿನಗ ಗೊತ್ತದ" ಎಂದೂ ಡಾಕ್ಟರು ಹೇಳಿದರು.

ನಾನು ಬರೆದೆ. ಅದೇ ಚಂದದ ಅಕ್ಷರದಲ್ಲಿ.

ಆ ಸಾಲಿನಿಂದ ಏನಾಗುತ್ತದೆಂದು ನನಗೆ ಆಗ ತಿಳಿದಿರಲಿಲ್ಲ ಎಂದರೆ ಅರ್ಧ ಸುಳ್ಳು. ರೋಗದಿಂದ ಹಿಂಡು ಕಳೆದುಕೊಂಡವರಿಗೆ ಸರಕಾರದಿಂದ ಕೆಲವು ತಳಿ ಕುರಿ ಕೊಡುವ ಪದ್ಧತಿ ಇತ್ತು. ರೋಗವನ್ನು ವೇಳೆಗೆ ಸರಿಯಾಗಿ ತಿಳಿಸಿದವರಿಗೆ ಮಾತ್ರ. ಆ ಅರ್ಜಿಯನ್ನು ಲಗಮಪ್ಪನ ಹೆಸರಿನಲ್ಲಿ ನಾನೇ ಬರೆದುಕೊಟ್ಟೆ, ಏನೋ ಪ್ರಾಯಶ್ಚಿತ್ತವೆಂಬಂತೆ. ನನ್ನ ವರದಿಯನ್ನು ನೋಡಿ ನನ್ನ ಅರ್ಜಿಯನ್ನು ತಳ್ಳಿಹಾಕಿದರು. ಹದಿನೇಳು ಕುರಿಯಿಂದ ಬಾಳು ನಡೆಯುವುದಿಲ್ಲ. ಅವನ್ನು ಭಾವಕಿಯವರ, ಅಂದರೆ ದಾಯಾದಿಗಳ, ಹಿಂಡಿಗೆ ಕೊಟ್ಟು, ಅಕ್ಕ ಮತ್ತು ಲಗಮಪ್ಪ ಬನಹಟ್ಟಿಗೆ ಹೋದರು. ಲಗಮಪ್ಪ ಹಮಾಲಿಗೆ ನಿಂತ. ಅಕ್ಕ ಒಬ್ಬ ನೇಕಾರರ ಮನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತತೊಡಗಿದಳು.

ಅದೇ ವರ್ಷದ ಕೊನೆಗೆ ನನ್ನ ನೌಕರಿ ಕಾಯಂ ಆಯಿತು. ನನಗೆ ಸೂಜಿಗಳ ಹುಚ್ಚು ಹಿಡಿಯಿತು. ಸ್ವಂತ ಹಣದಿಂದ ಒಂದು ಡಜನ್ ತರಿಸಿ, ಹೊಲದಲ್ಲಿಯೇ ಮೂರು ಕಲ್ಲಿನ ಒಲೆ ಹೂಡಿ ಕುದಿಸುತ್ತಿದ್ದೆ. ದಿನದ ಲೆಕ್ಕ ಕಡಿಮೆಯಾಯಿತೆಂದು ಮೆಮೊ ಬರುತ್ತಿದ್ದವು. ಮುಂದೆ ಎಷ್ಟೋ ವರ್ಷಗಳಿಗೆ ಖಾತೆಯವರೇ ಸೂಜಿ ಬದಲಿಸಬೇಕೆಂದು ಹುಕುಂ ಹೊರಡಿಸಿದರು. ಆಗ ಮೆಮೊ ನಿಂತವು.

ಬನಹಟ್ಟಿಗೆ ಹೋಗುತ್ತಿದ್ದೆ. ಅಕ್ಕ ಚಹಾ ಮಾಡಿ ಕೊಡುತ್ತಿದ್ದಳು. ಸರಕಾರದ ಕುರಿ ಯಾಕೆ ಬರಲಿಲ್ಲವೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಸರಕಾರವೆಂದರೆ ಹಾಗೆಯೇ ಎಂದು ಅವಳು ತಿಳಿದಿದ್ದಳು. ಅವಳು ಹಾಗೆ ತಿಳಿದಿದ್ದು ನನಗೆ ಅನುಕೂಲವಾಗಿತ್ತು.

ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರುವುದೆಂದು ಗೊತ್ತಾದಾಗ ಸಾಠೆ ಡಾಕ್ಟರು ತಮ್ಮ ಕಡೆಗೆ ವರ್ಗ ಮಾಡಿಸಿಕೊಂಡು ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, "ನನ್ನ ಸರ್ವಿಸಿನಾಗ ನಾ ಮಾಡಿದ ಒಂದ ಛಲೋ ಕೆಲಸ ಅಂದರ ನೀ" ಎಂದರು. ಅವರ ಕಣ್ಣು ಒದ್ದೆಯಾಗಿದ್ದವು. ಅವರನ್ನು ನಾನು ದೂರುವುದಿಲ್ಲ. ನನ್ನೊಬ್ಬನನ್ನು ಮೇಲೆ ಎಳೆಯಲು ಅವರ ಎರಡೂ ಕೈ ಬೇಕಾದವು, ಇನ್ನೊಬ್ಬರಿಗೆ ಕೈ ಉಳಿಯಲಿಲ್ಲ.

ಹಳೆಯ ಕಾಗದಗಳನ್ನು ಕಟ್ಟು ಕಟ್ಟಿ ಹೊಸ ಕಚೇರಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕನೆಯ ದಿನ ಕೆಂಚವ್ವನ ಹಿಂಡು ಸತ್ತಾಗ ನಾನು ಬರೆದಿದ್ದ ಆ ವರದಿ ಕೈಗೆ ಸಿಕ್ಕಿತು. ಅದರ ನಕಲು ಮಾಡಿಕೊಂಡು ಮರುದಿನ ಬನಹಟ್ಟಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತಿದ್ದಳು. ಒಳಗೆ ಮಗ್ಗ ಬಡಿಯುತ್ತಿತ್ತು.

"ಯಕ್ಕಾ, ಒಂದ ಕಾಗದ ಓದತೀನಿ ಕೇಳು."

ಮರಾಠಿಯಲ್ಲಿದ್ದದ್ದನ್ನು ಕನ್ನಡ ಮಾಡುತ್ತ ಓದಿದೆ. "ಮಾಲಕನು ರೋಗದ ಸುದ್ದಿಯನ್ನು ವೇಳೆಗೆ ತಿಳಿಸಲಿಲ್ಲ" ಎಂಬಲ್ಲಿಗೆ ಬಂದಾಗ ರಾಟಿ ನಿಂತಿತು.

"ಯಾರ ಬರದಾರ ಇದನ್ನ?"

"ನಾ ಬರದೀನಿ."

"ನಾ ಹೇಳಿದ್ನೆಲ್ಲೋ ಸಿದ್ಯಾ. ಮೂರು ಕುರಿ ಬ್ಯಾರೆ ಮಾಡು ಅಂದಿದ್ನೆಲ್ಲ."

"ಹೌದು. ಹೇಳಿದ್ದಿ."

"ಕುರಿ ಹೋಗಿದ್ದು ಹೋಗಲಿ. ನಿನಗ ತಿಳೀಲಿಲ್ಲ ಅಂತ ನಾ ಇಷ್ಟ ದಿನಾ ಸುಮ್ಮನಿದ್ದೆ. ತಪ್ಪು ಎಲ್ಲಾರಿಗೂ ಆಗತೈತಿ. ಆದರ ನಾ ಹೇಳಲಿಲ್ಲ ಅಂತ ಬರದೆಲ್ಲ. ನನ್ನ ಹಿಂಡಿನ ಬ್ಯಾನಿ ನನಗ ತಿಳೀಲಿಲ್ಲ ಅಂತ ಬರದೆಲ್ಲ." ಅವಳ ದನಿ ಏರಲಿಲ್ಲ. "ನಾ ಹೇಳಿದ್ನಿ ಅಂತ ಬರಿ. ಕುರಿ ಕೊಡತಾರೋ ಬಿಡತಾರೋ, ನನಗ ಬ್ಯಾಡ. ಹೇಳಿದ್ನಿ ಅಂತ ಬರಿ."

ಅಲ್ಲಿಯೇ ಕೂತು ಬರೆದೆ. ಹಿಂಡಿನ ಒಡತಿ ಕೆಂಚವ್ವ ಸೂಜಿ ಮಾಡುವ ಮೊದಲೇ ರೋಗದ ಸುಳಿವು ಕೊಟ್ಟಿದ್ದಳು, ಬೇರೆ ಮಾಡೆಂದು ಹೇಳಿದ್ದಳು, ನಾನು ಕೇಳಲಿಲ್ಲ, ಹಿಂದಿನ ವರದಿ ತಪ್ಪು, ಅದಕ್ಕೆ ನಾನೇ ಹೊಣೆ. ಓದಿ ತೋರಿಸಿದೆ. "ಖರೆ ಬರದಿ" ಎಂದು ಹೇಳಿ ಮತ್ತೆ ರಾಟಿ ತಿರುಗಿಸತೊಡಗಿದಳು.

ಕಾಗದವನ್ನು ಹೊಸ ಕಚೇರಿಗೆ ಕಳಿಸಿದೆ. ಅಷ್ಟರಲ್ಲಿ ನನಗೂ ಮದುವೆಯಾಗಿತ್ತು. ಕೆಲಸ ಹೋಗುತ್ತದೆಂದು ಹೆಂಡತಿಗೆ ಹೇಳಿಟ್ಟಿದ್ದೆ. ಆದದ್ದೇನು? ಹೊಸ ಅಧಿಕಾರಿ ನನ್ನನ್ನು ಕರೆಸಿ, ಕುರ್ಚಿ ಕೊಟ್ಟು, "ನಿಮ್ಮ ಸರ್ವಿಸ್ ಇನ್ನೂ ಭಾಳ ಐತಿ. ಯಾಕ ಬೇಕು ಈ ಉಸಾಬರಿ?" ಎಂದರು. ಏಳು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಸದರಿ ವಿಷಯ ಹಿಂದಿನ ರಾಜ್ಯ ಸರಕಾರದ ಕಾಲಕ್ಕೆ ಸೇರಿದ್ದು, ಮುಗಿದಿದೆ. ನನಗೆ ಒಂದು ತಾಕೀತು ಕೂಡ ಇರಲಿಲ್ಲ. ತಪ್ಪು ಒಪ್ಪಿಕೊಂಡು ಶಿಕ್ಷೆ ಪಡೆಯುವುದೂ ನನ್ನ ಪ್ರಯತ್ನದಿಂದ ಆಗಲಿಲ್ಲ.

ಆ ಉತ್ತರ ಹಿಡಿದು ಬನಹಟ್ಟಿಗೆ ಹೋದ ದಿನ ಸಂತೆಯಿತ್ತು. ಅಕ್ಕ ಮನೆಯಲ್ಲಿರಲಿಲ್ಲ. ನೇಕಾರರ ಹೆಂಡತಿ, "ನಿಮ್ಮಕ್ಕನ್ನ ಕರಕೊಂಡ ಹೋದರ್ರಿ. ಸಂತಿ ದಿನಾ ಇದ ಆತು" ಎಂದು ಗೊಣಗಿದರು. ಸಂತೆಯ ಹಿಂದಿನ ಬಯಲಿಗೆ ಹೋದೆ. ಹತ್ತಾರು ಕುರುಬರು ಸುತ್ತ ನಿಂತಿದ್ದರು. ನಡುವೆ ಅಕ್ಕ ನೆಲಕ್ಕೆ ಕೂತು, ಈಯಲಾರದೆ ಒದ್ದಾಡುತ್ತಿದ್ದ ಕುರಿಯ ಹೊಟ್ಟೆಯ ಮೇಲೆ ಕೈಯಾಡಿಸುತ್ತಿದ್ದಳು.

"ಯಕ್ಕಾ, ಆ ಕಾಗದಕ್ಕ ಉತ್ತರ ಬಂದೈತಿ."

"ಆಮ್ಯಾಲ ಹೇಳು. ಮರಿ ಅಡ್ಡ ಬಿದ್ದೈತಿ. ಇದರ ತಲಿ ಹಿಡ್ಕೊ."

ನಾನು ಊನಗಾಲನ್ನು ಚಾಚಿ ಕೂತು ಕುರಿಯ ತಲೆಯನ್ನು ತೊಡೆಯ ಮೇಲೆ ಹಿಡಿದೆ. ಅವಳು ಕೈಗೆ ಎಣ್ಣೆ ಸವರಿಕೊಂಡು, ಕಣ್ಣು ಮುಚ್ಚಿ, ಒಳಗೆ ಬೆರಳಿನಿಂದಲೇ ನೋಡುತ್ತ ಮರಿಯನ್ನು ತಿರುಗಿಸಿದಳು. ಅರ್ಧ ತಾಸು ಹಿಡಿಯಿತು. ಒಂದು ಮರಿ, ಅದರ ಹಿಂದೆಯೇ ಇನ್ನೊಂದು. ಎರಡನ್ನೂ ಕಂಬಳಿಯಿಂದ ಒರೆಸಿ ತಾಯಿಯ ಮುಂದೆ ಇಟ್ಟಳು. ಕುರಿಯವನು ಅವಳ ಕಾಲು ಮುಟ್ಟಲು ಬಂದ. "ನನಗ್ಯಾಕ? ಇಂವ ದವಾಖಾನಿಯಾಂವ, ಇಂವಗ ಬೀಳು" ಎಂದಳು. ಚೇಷ್ಟೆಯೋ ಕಹಿಯೋ ನನಗೆ ತಿಳಿಯಲಿಲ್ಲ. ಅವನು ನನ್ನ ಕಾಲಿಗೂ ಬಿದ್ದ.

ಬಾವಿಯ ಹತ್ತಿರ ಕೈ ತೊಳೆಯುವಾಗ ಉತ್ತರವನ್ನು ಓದಿ ಹೇಳಿದೆ. "ಮುಗದೈತಿ ಅಂತೇನು?" ಎಂದು ಕೇಳಿ, ಸೆರಗಿನಿಂದ ಕೈ ಒರೆಸಿಕೊಂಡಳು. ಮಗ್ಗ ನಿಂತಿರುತ್ತದೆ, ಬೈಸಿಕೊಳ್ಳಬೇಕಾಗುತ್ತದೆ ಎಂದು ಬಿರಬಿರನೆ ಹೊರಟುಹೋದಳು.

ಜಮಖಂಡಿಗೆ ಬಂದು ರಜಿಸ್ಟರು ತೆರೆದೆ. ಬನಹಟ್ಟಿ, ಕುರಿ ಒಂದು, ಕಷ್ಟದ ಹೆರಿಗೆ, ತಾಯಿ ಮತ್ತು ಎರಡು ಮರಿ ಕ್ಷೇಮ. ಚಿಕಿತ್ಸೆ ಮಾಡಿದವರು ಎಂಬಲ್ಲಿ ಅಕ್ಕನ ಹೆಸರು ಬರೆದೆ. ಮರುದಿನ ಅಧಿಕಾರಿ ಅದನ್ನು ಕೆಂಪು ಶಾಯಿಯಿಂದ ಹೊಡೆದು ನನ್ನ ಹೆಸರು ಬರೆದರು, ಖಾತೆಯ ನೌಕರರಲ್ಲದವರ ಹೆಸರು ಅಲ್ಲಿ ಬರುವಂತಿಲ್ಲವೆಂದು. ಆ ಪ್ರವಾಸದ ಭತ್ತೆ ತಿಂಗಳ ಕೊನೆಗೆ ನನಗೆ ಬಂತು. ಅಕ್ಕನಿಗೆ ಅರ್ಧ ದಿನದ ಕಂಡಿಕೆಯ ಕೂಲಿ ಮುರಿದರೆಂದು ಆಮೇಲೆ ಲಗಮಪ್ಪ ಹೇಳಿದ.